ಬಿದ್ದ ಬೇವಿನ ನೆರಳು

ಮರಗಳ ನೆರಳು ಮುಗಿದ ಕಡೆ ಆ ಹೆಣ್ಣುಮಗಳು ಸದ್ದಾಗದಂತೆ ಛತ್ರಿ ಬಿಚ್ಚಿ, ತಾನು ಕೈಹಿಡಿದು ನಡೆಸುತ್ತಿದ್ದ ಅಜ್ಜಿಯ ತಲೆಯ ಮೇಲೆ ಹಿಡಿದಳು. ಮುಂದೆ ಹುಣಸೆಯ ನೆರಳು ಸಿಕ್ಕಿದ್ದೇ ಮೆಲ್ಲಗೆ ಮಡಚಿದಳು.

ಹೊರಗೆ ರಾಯಚೂರಿನ ಬಿಸಿಲು ಸುಡುತ್ತಿತ್ತು. ಊರ ನಡುವಿನ ಆ ಸಣ್ಣ ವೃಕ್ಷೋದ್ಯಾನದೊಳಗೆ ಮಾತ್ರ ಹಸಿರು ನೀರಿನಡಿ ಕೂತಂಥ ತಂಪು. ರಸ್ತೆಯ ಆಟೋಗಳ ಸದ್ದು ಕೂಡ ನಿದ್ದೆಯಲ್ಲಿ ಕೇಳಿದಂತಿತ್ತು.

ಅಜ್ಜಿಯನ್ನು ಬೆಂಚಿನ ಮೇಲೆ ಕೂರಿಸಿ, ನಾನು ನೋಡುತ್ತಿದ್ದುದನ್ನು ಕಂಡು ಆಕೆ ಹತ್ತಿರ ಬಂದು ಪಿಸುಗುಟ್ಟಿದಳು: “ನಮ್ಮ ಅತ್ತಿಯವರಿಗೆ ಕಣ್ಣು ಕಾಣಂಗಿಲ್ರಿ. ನಾ ಛತ್ರಿ ಬಿಚ್ಚಿದ್ನಲ್ರಿ, ಅಲ್ಲಿದ್ದ ಬೇವಿನ ಗಿಡ ಮೊನ್ನಿ ಗಾಳಿಗೆ ಬಿತ್ತು. ಕಣ್ಣು ಇದ್ದಾಗ ಅವರ ಕೈಲೆ ಹಚ್ಚಿದ ಗಿಡ. ಹೇಳಾಕ ಮನಸಾಗವಲ್ದು, ಅದಕ್ಕ ಈ ಛತ್ರಿ ನೆರಳು.”

ಆಕೆ ಬಾಟಲಿಗೆ ನೀರು ತುಂಬಿಸಲು ನಲ್ಲಿಯತ್ತ ಹೋದಳು. ನಾನು ಅಜ್ಜಿಯ ಪಕ್ಕ ಕುಳಿತೆ. ಅಜ್ಜಿ ನನ್ನ ಕೈ ತಡವಿ ಹಿಡಿದುಕೊಂಡು ಹೇಳಿದರು:

“ಬೇಟಿ, ಛತ್ರಿ ನೆರಳಿಗೆ ಬೇವಿನ ವಾಸನಿ ಎಲ್ಲಿಂದ ಬರಬೇಕು? ಗಿಡ ಹೋಗೇದ ಅಂತ ನನಗ ಗೊತ್ತದ. ಅಕಿಗೆ ಮಾತ್ರ ಹೇಳಬ್ಯಾಡ. ಛತ್ರಿ ಹಿಡದು ಹಿಡದು ಅಕಿ ಕೈ ನೋಯ್ತದಂತ ನಾನೂ ಅಲ್ಲಿ ಲಗೂನ ನಡೀತೀನಿ.”

ಸೊಸೆ ನೀರು ಕುಡಿಸಿದಳು. ಇಬ್ಬರೂ ಎದ್ದು ಹೊರಟರು. ಆ ಜಾಗ ಬಂದಾಗ ಛತ್ರಿ ಬಿಚ್ಚಿಕೊಂಡಿತು, ಅಜ್ಜಿಯ ಹೆಜ್ಜೆ ಚುರುಕಾಯಿತು. ಇವತ್ತಿಗೂ ಅಲ್ಲಿ ಬರೀ ಬಿಸಿಲು. ದಾಟುವಾಗ ನನಗೆ ಮಾತ್ರ ಬೇವಿನ ಕೆಳಗೆ ಹೋದಂತಾಗುತ್ತದೆ.