ಮೇಜಿನ ಕುಂಟುಗಾಲಿಗೆ ಸ್ಪೇನ್ ದೇಶ

ರಾಯನ್, ಶೆರಿಲ್, ನಮ್ಮ ಊಟದ ಮೇಜಿನ ಒಂದು ಕಾಲು ಉಳಿದ ಮೂರಕ್ಕಿಂತ ಕಡಲೆಬೇಳೆಯಷ್ಟು ಗಿಡ್ಡವಾಗಿರುವುದು ನಿಮಗೆ ಗೊತ್ತಿರುವ ಸಂಗತಿಯೇ. ಸಾರಿನ ಪಾತ್ರೆ ಇಟ್ಟ ಕೂಡಲೇ ಅದು ಜನಗಣಮನ ಕೇಳಿದ ಹಾಗೆ ಒಮ್ಮೆ ನೆಟ್ಟಗಾಗಿ, ಮತ್ತೆ ರಾಯನ್ ಕಡೆಗೆ ವಾಲುತ್ತಿತ್ತು. ರಜೆ ಬಂದಾಗ ಸರಿಮಾಡುತ್ತೇನೆಂದು ನಿಮ್ಮ ಡ್ಯಾಡಿ ಹೇಳುತ್ತಲೇ ಇದ್ದಾನೆ. ರಜೆಗಳೂ ಬಂದು ಹೋಗುತ್ತಲೇ ಇವೆ. ಆ ಕಾಲಿನಡಿ ಈಗ ಮಡಚಿಟ್ಟಿರುವುದು ಸ್ಪೇನ್ ದೇಶ. ಅದು ಅಲ್ಲಿಗೆ ಬಂದ ಕತೆಯನ್ನು ಬರೆದಿಡುತ್ತಿದ್ದೇನೆ. ಮನೆಯ ಮಾತು ಕೊಂಕಣಿ, ನಿಮ್ಮ ಉತ್ತರ ಇಂಗ್ಲಿಷ್. ಊರಿನ ಶಾಲೆಯಲ್ಲಿ ಏಳನೆಯವರೆಗೆ ಓದಿದ ನಿಮ್ಮ ಈ ಅಜ್ಜಿಯ, ನಿಮ್ಮ ಮಾಯಿಯ, ಕೈಗೆ ಬರೆಯಲು ಬರುವುದು ಕನ್ನಡವೊಂದೇ. ಓದುವ ಕಷ್ಟ ನಿಮ್ಮದು.

ಸ್ಪೇನಿಗೂ ನನಗೂ ಹಳೆಯ ಪರಿಚಯವಿದೆ, ಹೇಳಿಕೊಳ್ಳುವಂಥದ್ದಲ್ಲ. ನಿಮ್ಮ ಅಜ್ಜ ನಾವೀಗಿರುವ ಇದೇ ಅರಬರ ಪಟ್ಟಣದ ಮುರಕ್ಕಬಾತ್‌ನ ಹೋಟೆಲಿನಲ್ಲಿ ವೇಟರ್ ಆಗಿದ್ದಾಗ, ಎರಡು ವರ್ಷಕ್ಕೊಮ್ಮೆ ಊರಿಗೆ ಬರುವ ರಜೆಯಲ್ಲಿ ಒಂದು ಬಾಟಲಿ ಆಲಿವ್ ಕಾಯಿ ತಂದಿದ್ದರು. ಮಿಡಿಮಾವಿನ ಉಪ್ಪಿನಕಾಯಿ ದಾರಿಯಲ್ಲಿ ಕೆಟ್ಟಿದೆಯೆಂದು ತಿಳಿದು, ಅವರು ಸ್ನಾನಕ್ಕೆ ಹೋಗಿದ್ದಾಗ ನಾನು ಅದನ್ನು ಹಂದಿಗೆ ಸುರಿದೆ. ಹಂದಿ ಮೂಸಿ ನೋಡಿ ಮುಖ ತಿರುಗಿಸಿತು. "ಸ್ಪೇನಿನ ಮಾಲು ಮಾರಾಯ್ತಿ, ಅದನ್ನು ತಿನ್ನಲಿಕ್ಕೆ ಸಾಹೇಬರು ದುಡ್ಡು ಕೊಡ್ತಾರೆ," ಎಂದು ಅವರು ತಲೆಗೆ ಕೈಯಿಟ್ಟುಕೊಂಡರು. ದುಡ್ಡು ಕೊಟ್ಟು ಕಹಿ ತಿನ್ನುವ ಜನರ ಬಗ್ಗೆ ನನಗೆ ಅಂದಿನಿಂದಲೇ ಒಂದು ಬಗೆಯ ಭಯಮಿಶ್ರಿತ ಗೌರವ.

ಹಾಗಿರುವಾಗ ರಾಯನ್‌ಗೆ ಶಾಲೆಯಲ್ಲಿ "ಆಧುನಿಕ ಸ್ಪೇನಿನ ಸಮಾಜ ಮತ್ತು ಅರ್ಥವ್ಯವಸ್ಥೆ" ಎಂಬ ಪ್ರಾಜೆಕ್ಟ್ ಬಂತು. ಅದರಲ್ಲಿ ದೊಡ್ಡದೊಂದು ವೃತ್ತ, ವೃತ್ತದೊಳಗೆ ಹೋಳಿಗೆಯ ಹಾಗೆ ತುಂಡುಗಳು: ಪ್ರವಾಸಿಗರು, ಕಾರು ಕಾರ್ಖಾನೆ, ಆಲಿವ್ ಎಣ್ಣೆ, ತರಕಾರಿ. ನಾನು ಮೀನು ಕೊಯ್ಯುತ್ತ, ಇದರಲ್ಲಿ ನಮ್ಮಂಥವರು ಯಾವ ತುಂಡಿನಲ್ಲಿದ್ದೇವೆ ಎಂದು ಕೇಳಿದೆ. ಅವನು ಪರದೆಯಿಂದ ಕಣ್ಣೆತ್ತದೆ, "ಮಾಯಿ, ಯು ಆರ್ ನಾಟ್ ಇನ್ ದಿ ಎಕಾನಮಿ," ಎಂದ.

ಹುಡುಗ ಸುಳ್ಳು ಹೇಳಲಿಲ್ಲ. ನಾನು ಈ ದೇಶಕ್ಕೆ ಬಂದಾಗ ಪಾಸ್‌ಪೋರ್ಟಿಗೆ ಅಂಟಿಸಿದ ವೀಸಾದಲ್ಲೇ ಕೆಲಸ ಮಾಡಲು ಅನುಮತಿಯಿಲ್ಲವೆಂದು ಮುದ್ರಿಸಿತ್ತು. ಸರಕಾರಕ್ಕೆ ನನ್ನ ಮೇಲೆ ಅಷ್ಟು ಕಾಳಜಿ. ಬೆಳಿಗ್ಗೆ ಐದಕ್ಕೆ ಎದ್ದು ಟಿಫಿನ್ ತುಂಬಿಸುವಾಗ, ಡ್ಯೂಟಿಗೆ ಓಡುವ ನಿಮ್ಮ ಮಮ್ಮಿಯ ನರ್ಸ್ ಯೂನಿಫಾರಂಗೆ ಇಸ್ತ್ರಿ ಹಾಕುವಾಗ, ನಿಮ್ಮನ್ನು ಬಸ್ಸಿಗೆ ಬಿಟ್ಟು ಕರೆತರುವಾಗ ನಾನು ಎಷ್ಟು ಕಾನೂನು ಮುರಿಯುತ್ತಿದ್ದೇನೆಂದು ಯೋಚಿಸಿ ನಡುಗಿದ್ದುಂಟು. ಮನೆಯಲ್ಲಿ ಬೇರೆ ಯಾರೂ ಆ ಸಾಲನ್ನು ಓದಿದಂತೆ ಕಾಣಲಿಲ್ಲ. ಆದರೂ ಆ ದಿನ ಮೀನಿನ ಮುಳ್ಳು ನನ್ನ ಬೆರಳಿಗೇ ಚುಚ್ಚಿತು.

ಪ್ರಾಜೆಕ್ಟಿಗೆ ಸ್ಪೇನಿನವರೊಬ್ಬರ ಸಂದರ್ಶನ ಬೇಕಿತ್ತು. ಕುಸೈಸ್ ಬಡಾವಣೆಯ ನಮ್ಮ ಬಿಲ್ಡಿಂಗಿನ ಆರನೆಯ ಮಹಡಿಯಲ್ಲಿ ಸ್ಪೇನಿನ ಎಂಜಿನಿಯರ್ ಪಿಲಾರ್ ಇದ್ದಳು. ಗುರುವಾರ ನಾಲ್ಕಕ್ಕೆ ಬನ್ನಿ, ದೊಡ್ಡವರೊಬ್ಬರು ಜೊತೆಗಿರಲಿ ಎಂದಳು. ಡ್ಯಾಡಿ, ಮಮ್ಮಿ ಇಬ್ಬರಿಗೂ ಡ್ಯೂಟಿ. ಉಳಿದ ದೊಡ್ಡವಳೆಂದರೆ, ಲಿಫ್ಟಿನಲ್ಲಿ ಅಪರಿಚಿತರು ನಕ್ಕರೆ ಗೋಡೆಯ ಗುಂಡಿಗಳನ್ನು ಎಣಿಸುವ ನಾನು. ನಾನು ಹೋಗದಿದ್ದರೆ ಸಂದರ್ಶನವಿಲ್ಲ. ಶೆರಿಲ್ ಕೂಡ ಜೊತೆಗೆ ಹೊರಟಳು. ದಾರಿಯುದ್ದಕ್ಕೂ ರಾಯನ್‌ನದು ಒಂದೇ ಜಪ: "ಮಾಯಿ, ಪ್ಲೀಸ್, ಡೋಂಟ್ ಟಾಕ್." ನನ್ನ ಜೀವಮಾನದಲ್ಲಿ ಅಷ್ಟು ಸುಲಭದ ಕೆಲಸವನ್ನು ಯಾರೂ ಹೇಳಿರಲಿಲ್ಲ.

ಪಿಲಾರ್ ನಮ್ಮನ್ನು ಕೂರಿಸಿ, ಮುಂದಿದ್ದ ಊಟದ ಮೇಜಿನ ಹಲಗೆಯನ್ನು ತಟ್ಟಿ ಯಾರಿಗೋ ಫೋನಿನಲ್ಲಿ ಏನೋ ಹೇಳಿದಳು. ನನ್ನ ಕಿವಿಗೆ "ಮೇಸ" ಎಂದು ಬಿತ್ತು. ಸ್ಪೇನಿನವಳ ಬಾಯಲ್ಲಿ ನಮ್ಮ ಮೇಜು! ನನಗೆ ಅದೆಲ್ಲಿಂದ ಧೈರ್ಯ ಬಂತೋ, ನಾನೂ ಹಲಗೆ ತಟ್ಟಿ "ಮೇಜ್" ಎಂದೆ. ಅವಳು ಕಣ್ಣರಳಿಸಿ, ಹೌದೆಂದು ತಲೆಯಾಡಿಸಿ, "ಸಿ, ಸಿ!" ಎಂದಳು. ಗೆದ್ದ ಉತ್ಸಾಹದಲ್ಲಿ ಕಿಟಕಿಗೆ ಕೈ ತೋರಿಸಿ ನಮ್ಮ ಕೊಂಕಣಿಯಲ್ಲಿ "ಜನೆಲ್" ಎಂದೆ. ಅವಳು ಗಹಗಹಿಸಿ ನಕ್ಕು ಇಂಗ್ಲಿಷಿನಲ್ಲಿ ಏನೋ ಹೇಳಿದಳು. ಶೆರಿಲ್, ನೀನೇ ಬಿಡಿಸಿ ಹೇಳಿದೆ: "ಮಾಯಿ, ಅದು ಅವರದ್ದಲ್ಲವಂತೆ, ಪಕ್ಕದ ಮನೆಯವರದ್ದಂತೆ. ಪೋರ್ಚುಗೀಸ್!" ನಮ್ಮ ಮುತ್ತಜ್ಜಂದಿರ ಕಾಲದಲ್ಲಿ ಬಂದ ಜನೆಲ್ ಯಾರದೆಂದು ತಿಳಿಯಲು ನಾನು ಕುಸೈಸ್‌ವರೆಗೆ ಬರಬೇಕಾಯಿತು. ರಾಯನ್ ತನ್ನ ಕಾಗದದೊಳಗೆ ಮುಖ ಹುದುಗಿಸಿಕೊಂಡ.

ಆದರೆ ಮೇಜು ನಿಂತಿತು. ಆ ಒಂದು ಮಾತಿನ ಮೇಲೆ ಪಿಲಾರ್ ರಾಯನ್‌ನ ಪ್ರಶ್ನೆಗಳನ್ನು ಬದಿಗಿಟ್ಟು ತನ್ನ ಮನೆಯ ಮೇಜಿನ ಕತೆ ಹೇಳತೊಡಗಿದಳು, ಶೆರಿಲ್ ನನಗೆ ಬಿಡಿಸಿ ಹೇಳುತ್ತ ಹೋದಳು. ಅವರ ಮಧ್ಯಾಹ್ನದ ನಿದ್ದೆಯ ಬಗ್ಗೆ ಜಗತ್ತೆಲ್ಲ ಮಾತಾಡುತ್ತದಂತೆ, ಕೆಲಸಕ್ಕೆ ಸೇರಿದ ಮೇಲೆ ಅವಳು ಅದನ್ನು ಕಂಡದ್ದೇ ಇಲ್ಲವಂತೆ. ಪಟ್ಟಣದ ಫ್ಲಾಟುಗಳನ್ನು ಪ್ರವಾಸಿಗರಿಗೆ ಕೊಟ್ಟು, ಬಾಡಿಗೆ ಏರಿ, ಮೂವತ್ತು ದಾಟಿದ ಗಂಡುಮಕ್ಕಳೂ ಅಮ್ಮನ ಮೇಜಿಗೇ ಊಟಕ್ಕೆ ಬರುತ್ತಾರಂತೆ. ಆರು ತಿಂಗಳ ಕರಾರಿನ ಕೆಲಸ ಮುಗಿದರೆ ಮತ್ತೆ ಹುಡುಕಾಟ. ಅದಕ್ಕೇ ಇವಳು ಇಲ್ಲಿ. ಅವಳ ಅಪ್ಪನೂ ಕಡಲ ದಡದಲ್ಲಿ ವೇಟರ್, ಅಕ್ಕನಿಗೆ ಆಫೀಸು. ನಾನು ಕೇಳುತ್ತಿರುವುದು ಸ್ಪೇನಿನ ವರದಿಯೋ ನಮ್ಮ ಬಿಲ್ಡಿಂಗಿನದೋ ಎಂದು ಅನುಮಾನ ಬಂತು.

ಆ ಅಕ್ಕನ ಮಕ್ಕಳನ್ನು ನೋಡಿಕೊಳ್ಳುವವರು ಯಾರು ಎಂದು ಶೆರಿಲ್ ಕೇಳಿದಳು. "ನನ್ನ ಅಮ್ಮ. ನಮ್ಮಲ್ಲಿ ಅಜ್ಜಿಯರು ಒಂದು ದಿನ ರಜೆ ಹಾಕಿದರೆ ಆಫೀಸುಗಳೆಲ್ಲ ಖಲಾಸ್," ಎಂದಳು ಪಿಲಾರ್. ಆಮೇಲೆ ರಾಯನ್‌ನ ವೃತ್ತವನ್ನು ನೋಡಿ, "ಅವರು ಇದರಲ್ಲಿ ಎಲ್ಲಿದ್ದಾರೆ?" ಎಂದು ಕೇಳಿದಳು. ರಾಯನ್ ಪೆನ್ನಿನ ಮುಚ್ಚಳ ಕಚ್ಚಿದ. ನಾನು ಕಿಟಕಿ ನೋಡಿದೆ, ಅದು ಯಾರದ್ದಾದರೂ ಸರಿಯೆಂದು.

ಪ್ರಾಜೆಕ್ಟನ್ನು ತರಗತಿಯಲ್ಲಿ ಒಪ್ಪಿಸಿದ ದಿನ ರಾಯನ್ ಬ್ಯಾಗ್ ಎಸೆದು ನೇರ ಕೋಣೆಗೆ ಹೋದ. ಸುದ್ದಿ ಹೇಳಿದವಳು ಶೆರಿಲ್. ಸಂಬಳವಿಲ್ಲದ ದುಡಿಮೆಗೆ ಉದಾಹರಣೆ ಕೊಡು ಎಂದು ಟೀಚರ್ ಕೇಳಿದರಂತೆ. ಇವನು ಪಿಲಾರ್‌ಳ ಅಮ್ಮನನ್ನು ಹೇಳಿ ಸುಮ್ಮನಾಗದೆ, "ಆಂಡ್ ಮೈ ಮಾಯಿ," ಎಂದು ನನ್ನ ಬೆಳಗಿನ ಐದು ಗಂಟೆಯಿಂದ ಶುರುಮಾಡಿ ಹೇಳುತ್ತಲೇ ಹೋದನಂತೆ. ವಿಷಯ ಸ್ಪೇನ್ ಬಿಟ್ಟು ಹೊರಗೆ ಹೋಯಿತೆಂದು ಟೀಚರ್ ಅರ್ಧ ಅಂಕ ಕಳೆದರಂತೆ.

ಟೀಚರ್ ಮಾಡಿದ್ದು ನ್ಯಾಯವೇ. ಆದರೆ ರಾಯನ್, ಇಷ್ಟು ವರ್ಷದ ದುಡಿಮೆಗೆ ನನ್ನ ಹೆಸರಿನಲ್ಲಿ ಒಬ್ಬರು ಏನನ್ನಾದರೂ ತೆತ್ತದ್ದು ಅದೇ ಮೊದಲು. ಆ ಅರ್ಧ ಅಂಕವನ್ನು ನಾನು ನನ್ನ ಮೊದಲ ಸಂಬಳವೆಂದು ಇಟ್ಟುಕೊಂಡಿದ್ದೇನೆ. ಅಂದು ಸಂಜೆ ನೀನು ಆ ವೃತ್ತವಿದ್ದ ಪ್ರಾಜೆಕ್ಟಿನ ಹಾಳೆಗಳನ್ನು ನಾಲ್ಕಾಗಿ ಮಡಚಿ ಮೇಜಿನ ಕಾಲಿನಡಿ ತುರುಕಿದೆ. ಸಾರು ಈಗ ಯಾರ ಕಡೆಗೂ ವಾಲುವುದಿಲ್ಲ.

ಈ ಹಾಳೆಗಳೂ ಮಡಚಿದರೆ ಹೆಚ್ಚುಕಡಿಮೆ ಅಷ್ಟೇ ದಪ್ಪವಾಗುತ್ತವೆ, ಅದೇ ನನ್ನ ಹೆದರಿಕೆ. ಸ್ಪೇನ್ ಸವೆದ ದಿನ ಬೇರೆ ಯಾವುದಾದರೂ ದೇಶವನ್ನು ಹುಡುಕಿಕೊಳ್ಳಿ. ಇವನ್ನು ಮಾತ್ರ, ನಿಮಗೆ ಕನ್ನಡ ಓದಲು ಬರುವವರೆಗೆ, ಮೇಜಿನ ಮೇಲಿನ ಕಡೆಯಲ್ಲೇ ಜೋಪಾನವಾಗಿ ಇಡಿ.