ಲ್ಯಾಬ್ ಮಾದಪ್ಪಣ್ಣನ ಕಡುಬಿನ ಪಾಠ

ಸೇಲಂನ ಕಾಲೇಜೊಂದರ ಲ್ಯಾಬಿನಲ್ಲಿ ಸೀಸೆ ತೊಳೆಯುವ, ನಮ್ಮ ಮಹಡಿ ಕೋಣೆಯ ಬಾಡಿಗೆದಾರ ಮಾದಪ್ಪಣ್ಣನಿಗೆ ಪ್ರೊಫೆಸರುಗಳೆಲ್ಲ ತನ್ನ ಶಿಷ್ಯರೆಂದೇ ಲೆಕ್ಕ. ಹೆರಿಗೆಯಲ್ಲಿ ಉಸಿರುಕಟ್ಟಿ ಮೆದುಳಿಗೆ ಪೆಟ್ಟಾಗಿ ನನ್ನ ಮಗಳು ತನ್ಮಯಿಯ ಎಡಗೈ ಸೋತಿದೆಯೆಂದು ತಿಳಿದಂದಿನಿಂದ ಪ್ರತಿ ಶುಕ್ರವಾರ ನಮ್ಮ ಅಡುಗೆಮನೆಯಲ್ಲೇ ಮಾದಪ್ಪಣ್ಣನ ಪಾಠ. "ನರ ಬೆಳೆಸೋ ಪ್ರೋಟೀನು ಐತೆ ಅಮ್ಮಣಿ, ಆದ್ರೆ ಮೆದುಳಿನ ಬಾಗ್ಲಾಗೆ ಕಾವಲು ಐತೆ, ಒಳಕ್ಕೆ ಬಿಡಲ್ಲ. ಅದ್ಕೇ ನ್ಯಾನೋ ಕಣದಾಗೆ ಮುಚ್ಚಿ ಕಳಿಸ್ತಾರೆ, ನೋಡು, ಇಂಗೆ!" ಎಂದು ನಾನು ಮಾಡಿದ ಕಡುಬನ್ನು ಎತ್ತಿ ಹಿಡಿಯುತ್ತಾರೆ. ಹೂರಣವೇ ಪ್ರೋಟೀನು, ಹಿಟ್ಟೇ ಕಣ, ಅವರ ಬಾಯೇ ಮೆದುಳು. ಅಲ್ಲಿನ ಕಾವಲುಗಾರ ಇವತ್ತಿನವರೆಗೆ ಒಂದು ಕಡುಬನ್ನೂ ತಡೆದಿಲ್ಲ. ನನಗೆ ಅರ್ಥವಾಗುವವರೆಗೂ ತಿನ್ನುತ್ತಾರೆ. ಶಾಲೆಯಲ್ಲಿ ನಾನು ಇಷ್ಟು ದಡ್ಡಿಯಾಗಿರಲಿಲ್ಲ. "ನಮ್ಮ ಮಗುವಿಗೆ ಯಾವಾಗ ಸಿಗುತ್ತಣ್ಣಾ?" ಎಂದು ಪ್ರತಿ ಸಲವೂ ಪೀಡಿಸುತ್ತೇನೆ. "ಈಗ ಇಲಿಗಳ ಸರದಿ. ಕೊಂಜಂ ಪೊರು, ವಸಿ ತಡಿ, ಕ್ಯೂನಾಗೆ ನಿಂತ್ಕ" ಎಂದು ನಗುತ್ತಾರೆ. ಆದರೆ ಕೊನೆಯ ಕಡುಬನ್ನು ಮಾತ್ರ ತಿನ್ನದೆ ತನ್ಮಯಿಯ ಎಡಗೈ ಮುಂದೆ ತಟ್ಟೆಯಲ್ಲಿಡುತ್ತಾರೆ. ಆತುರದಿಂದ ಎತ್ತಿಕೊಡಲು ಹೋಗುವ ನನ್ನ ಕೈಯನ್ನು ತಟ್ಟಿ, "ಸುಮ್ಕಿರಮ್ಮಣಿ, ಔಷ್ದಿ ಬರೋಗಂಟ ಕೈ ತನ್ನ ಕೆಲ್ಸ ಮರೀಬಾರ್ದು" ಎಂದು ಅಲುಗದೆ ಕಾಯುತ್ತಾರೆ. ಕಳೆದ ಶುಕ್ರವಾರ ಹೀಗೆ ಕಾಯುತ್ತಿದ್ದಾಗ, ಹೆಂಡತಿ ಮಕ್ಕಳಿರುವ ನಂಗವಳ್ಳಿಗೆ ಅವರು ಹಿಡಿಯಬೇಕಿದ್ದ ಕೊನೇ ಬಸ್ಸು ತಪ್ಪಿತು. ಕಡುಬು ಮಾತ್ರ ತನ್ಮಯಿಯ ಎಡಗೈಯಲ್ಲಿ ತಟ್ಟೆಯಿಂದ ಒಂದಂಗುಲ ಮೇಲೆದ್ದಿತು.