ಬೇಸಗೆಯ ನೀರು

ಹೆಗ್ಗದ್ದೆಯ ನಮ್ಮ ಪಕ್ಕದ ತೋಟದವರು ಮಾತಾಡುವ ಮೊದಲು ಅಂಗೈಯನ್ನು ಪಂಚೆಗೆ ಒರೆಸಿಕೊಳ್ಳುತ್ತಿದ್ದರು. ತೊಂಬತ್ತರ ದಶಕದಲ್ಲಿ ಸರ್ಕಾರದ ಲೈನು ಮಳೆಗಾಲವಿಡೀ ಸತ್ತಿರುತ್ತಿತ್ತು. ಹಳ್ಳದ ನೀರಿನಿಂದ ನಾವೇ ಕರೆಂಟು ಮಾಡಿಕೊಳ್ಳಬೇಕೆಂದು ಊರವರೆಲ್ಲ ಸೇರಿ ಸಂಘ ಕಟ್ಟಿದೆವು. ಈ ಪಕ್ಕದ ತೋಟದವರೇ ಅಧ್ಯಕ್ಷರು. ತುಂಬಿ ಹರಿಯುವ ಹಳ್ಳ ನೋಡಿ ನಾವು ದೊಡ್ಡ ಯಂತ್ರವನ್ನೇ ತರಿಸೋಣವೆಂದರೆ, ಅಂಗೈ ಒರೆಸಿಕೊಂಡು, "ಬ್ಯಾಸ್ಗೆ ಬರ್ಲಿ, ನೋಡಾನ" ಎನ್ನುತ್ತಿದ್ದರು. ಪ್ರತಿ ಸಭೆಯಲ್ಲೂ ಅದೇ ಮಾತು. ನನಗೆ ರೇಗುತ್ತಿತ್ತು.

ಬೇಸಗೆ ಬಂತು. ಯಂತ್ರ ಕೂರಿಸಬೇಕೆಂದಿದ್ದ ಜಾಗಕ್ಕೆ ಎಲ್ಲರೂ ಹೋದೆವು. ನೀರು ಪಾದ ಮುಳುಗುವಷ್ಟೂ ಇರಲಿಲ್ಲ. ಸ್ವಲ್ಪ ಮೇಲೆ, ಕಾಫಿ ಗಿಡ ಹೂವಾಗಲೆಂದು ನೀರು ಹಾಯಿಸುವ ಡೀಸೆಲ್ ಪಂಪೊಂದು ಹಳ್ಳವನ್ನು ಹೀರುತ್ತಿತ್ತು. ಅದು ನಮ್ಮ ಅಧ್ಯಕ್ಷರದೇ. ಅವರು ಪಂಪು ನಿಲ್ಲಿಸಿ, ನೀರಿಗಿಳಿದು, ಪೈಪನ್ನು ಎಳೆದು ದಡಕ್ಕೆ ಹಾಕಿದರು. ನೀರು ನಿಧಾನವಾಗಿ ನಮ್ಮ ಕಣಕಾಲಿಗೆ ಏರಿತು. ಅವರು ಒದ್ದೆ ಅಂಗೈಯನ್ನು ಪಂಚೆಗೆ ಒರೆಸಿಕೊಂಡರು.

"ಈಗ ಅಳೀರಪ್ಪ. ಇಷ್ಟ್ರಲ್ಲಿ ತಿರುಗೋದು ಯಾವ್ದೈತೋ ಅದನ್ನೇ ತರ್ಸಿ."

"ನಿಮ್ಮ ತೋಟಕ್ಕೆ ನೀರು?" ಎಂದೆ.

"ಹೂಮಳೆ ಬತ್ತದೆ ಬಿಡೋ."

ಕಾಫಿ ಹೂ ಅರಳಿಸುವ ಆ ಮಳೆ ಬರಲಿಲ್ಲ. ಕೆರೆ ಇದ್ದವರ ತೋಟಗಳು ಹೂವಾಗಿ ಬೆಳ್ಳಗಾದವು. ಅವರದು ಹೂವಿಲ್ಲದೆ, ಫಸಲಿಲ್ಲದೆ ಹಸಿರಾಗಿಯೇ ಉಳಿಯಿತು. ಪೈಪನ್ನು ಅವರು ಮತ್ತೆ ನೀರಿಗಿಳಿಸಲಿಲ್ಲ.

ಆ ಅಳತೆಗೆ ತಕ್ಕ ಚಿಕ್ಕ ಯಂತ್ರ ಬರುವ ಮೊದಲೇ ಅವರು ತೀರಿಕೊಂಡರು. ಬೇಸಗೆಯಲ್ಲಿ ನಮ್ಮ ಬಲ್ಬುಗಳು ಮಂಕಾಗುತ್ತವೆ. ಆರುವುದಿಲ್ಲ.